ರೇವಣಸಿದ್ದ ಮತ್ತು ಕಪ್ಪು ಬೆಲ್ಟು

ಸಿಂದಗಿ ಕಡೆಯಿಂದ ಬೆಂಗಳೂರಿಗೆ ಬಂದ ರೇವಣಸಿದ್ದ ಲಿಫ್ಟ್ ಮೆಕ್ಯಾನಿಕ್ ಆಗಿ ಹೆಸರು ಮಾಡಿದ್ದು ತನ್ನ ಬೆರಳುಗಳಿಂದ. ಆಗೆಲ್ಲ ಲಿಫ್ಟನ್ನು ಹೊತ್ತಿರುತ್ತಿದ್ದದ್ದು ಉಕ್ಕಿನ ಹಗ್ಗ. ಹಗ್ಗಕ್ಕೆ ಹತ್ತಿಬಟ್ಟೆ ಒತ್ತಿ ಹಿಡಿದು ಲಿಫ್ಟನ್ನು ಮೆಲ್ಲಗೆ ಓಡಿಸಿದರೆ, ಎಳೆ ಮುರಿದ ಕಡೆ ಬಟ್ಟೆ ಸಿಕ್ಕಿಕೊಳ್ಳುತ್ತಿತ್ತು. ಬೇರೆಯವರಿಗೆ ಬಟ್ಟೆ ಹರಿದ ಮೇಲೆ ಗೊತ್ತಾದರೆ ಇವನಿಗೆ ಅದು ಹರಿಯುವ ಮೊದಲೇ ಗೊತ್ತಾಗುತ್ತಿತ್ತು. ರಾಜಾಜಿನಗರದಿಂದ ಕೆಂಗೇರಿವರೆಗೆ ಎಲ್ಲಿ ಲಿಫ್ಟ್ ನರಳಿದರೂ "ಸಿದ್ದಣ್ಣನ್ನ ಕರೀರಿ" ಅನ್ನುತ್ತಿದ್ದರು.

ಎರಡು ಸಾವಿರದ ನಾಲ್ಕರ ಸುಮಾರಿಗೆ ಹೊಸ ಬಗೆಯ ಲಿಫ್ಟುಗಳು ಬಂದವು. ಹಗ್ಗದ ಜಾಗದಲ್ಲಿ ಕಪ್ಪು ಬೆಲ್ಟುಗಳು. ಎರಡು ಬೆರಳಿನಷ್ಟು ಅಗಲ, ಚಪ್ಪಟೆ, ನುಣುಪು. ಉಕ್ಕಿನ ಎಳೆಗಳೆಲ್ಲ ಒಳಗೆ, ಮೇಲೆ ಪ್ಲಾಸ್ಟಿಕ್ಕಿನ ಹೊದಿಕೆ. ಮೊದಲ ಸಲ ಅದನ್ನು ಮುಟ್ಟಿ ಬಾಪೂಜಿ ನಗರದ ಮನೆಗೆ ಬಂದವನು ಹೆಂಡತಿ ಹೊನ್ನವ್ವನ ಎದುರು ಕೂತು, "ಹಾವಿನ ಮೈ ಸವರಿದಂಗ ಆತು. ಒಳಗ ಏನಾಗೇತಿ ಅಂತ ಕೈಗೆ ತಿಳಿಯೂದ ಇಲ್ಲ" ಅಂದ.

"ಹಂಗಾರ ಯಾರಿಗೆ ತಿಳೀತದ್ರಿ?" ಅಂದಳು ಹೊನ್ನವ್ವ.

ಆಮೇಲಿನ ವರ್ಷಗಳಲ್ಲಿ ಬೆಲ್ಟಿನ ಲಿಫ್ಟುಗಳನ್ನು ನೋಡಿಕೊಂಡನಾದರೂ ಪ್ರತಿಸಲ ಮೆಷಿನ್ನಿನಿಂದ ಕೈ ತೆಗೆಯುವಾಗ ಏನೋ ಬಿಟ್ಟುಹೋಗಿದೆ ಅನ್ನಿಸುತ್ತಿತ್ತು.

ನಾಲ್ಕು ವರ್ಷದ ಮೇಲೆ ಲಿಫ್ಟ್ ಕಂಪನಿಯ ಎಂಜಿನಿಯರ್ ಚೇತನಾ ಬಸವೇಶ್ವರನಗರದ ಒಂದು ಅಪಾರ್ಟ್‌ಮೆಂಟಿಗೆ ಟಿಫಿನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ ತಂದು, ಅದರ ವೈರುಗಳನ್ನು ಬೆಲ್ಟಿನ ತುದಿಗಳಿಗೆ ಜೋಡಿಸಿದಳು.

"ಇದು ಬೆಲ್ಟ್ ಒಳಗಿನ ಉಕ್ಕಿಗೆ ಒಂಚೂರು ಕರೆಂಟ್ ಕಳಿಸ್ತಾ ಇರುತ್ತೆ ಅಣ್ಣ. ಟಾರ್ಚ್ ಸೆಲ್ಲಿಂದ ಬರುತ್ತಲ್ಲ, ಅದಕ್ಕಿಂತ ಕಮ್ಮಿ. ಹೊದಿಕೆ ಸರಿಯಾಗಿದ್ರೆ ಕರೆಂಟ್ ಹೊರಗೆ ಬರಲ್ಲ. ಎಲ್ಲಾದ್ರೂ ತೂತು ಬಿದ್ದು ಉಕ್ಕು, ಬೆಲ್ಟ್ ಓಡೋ ಕಬ್ಬಿಣದ ರಾಟೆಗೆ ತಾಗ್ತು ಅಂದ್ರೆ ಸೋರುತ್ತೆ. ಆಗ ಕೆಂಪು ದೀಪ ಬರುತ್ತೆ, ಲಿಫ್ಟ್ ಹತ್ತಿರದ ಫ್ಲೋರಲ್ಲಿ ಬಾಗಿಲು ತೆಗೆದು ನಿಂತುಬಿಡುತ್ತೆ."

"ಯಾರೂ ನೋಡದಿದ್ರೂ?"

"ಯಾರೂ ನೋಡದಿದ್ರೂ."

ರೇವಣಸಿದ್ದ ತಲೆಯಾಡಿಸಿದ. ನಂಬಿಕೆ ಮಾತ್ರ ಬರಲಿಲ್ಲ.

ಶ್ರಾವಣದ ಒಂದು ಬೆಳಿಗ್ಗೆ ಆ ಅಪಾರ್ಟ್‌ಮೆಂಟಿನಿಂದಲೇ ಫೋನು ಬಂತು. ಲಿಫ್ಟ್ ಕೊನೆಯ ಮಹಡಿಯಾದ ನಾಲ್ಕನೆಯದರಲ್ಲಿ ಬಾಗಿಲು ತೆರೆದು ನಿಂತುಬಿಟ್ಟಿದೆ. ಅದೇ ಮಹಡಿಯಲ್ಲಿದ್ದವರು ನೀಲಗಂಗಮ್ಮ. ಮಂಡಿನೋವಿನಿಂದಾಗಿ ಅವರಿಗೆ ಮೆಟ್ಟಿಲು ಇಳಿಯಲು ಆಗುತ್ತಿರಲಿಲ್ಲ. ಅಂದು ಕೆಂಗೇರಿಯಲ್ಲಿ ಅವರ ಮರಿಮಗಳ ನಾಮಕರಣ. ಕಿವಿಯಲ್ಲಿ ಹೆಸರು ಹೇಳಬೇಕಾದವರೇ ಅವರು. ಮೊಮ್ಮಗ ಬಸವಕಿರಣ್ ಕೆಳಗೆ ಕಾರು ತಂದು ನಿಲ್ಲಿಸಿ ಮೇಲಕ್ಕೂ ಕೆಳಕ್ಕೂ ಓಡಾಡುತ್ತಿದ್ದ.

ರೇವಣಸಿದ್ದ ಬಂದು ನೋಡಿದ. ಲಿಫ್ಟಿನ ಬಾಗಿಲ ಪಕ್ಕದಲ್ಲಿದ್ದ ಪೆಟ್ಟಿಗೆಯ ಕೆಂಪು ದೀಪ ಉರಿಯುತ್ತಿತ್ತು. ಮೇನ್ ಆಫ್ ಮಾಡಿ, ಕೈಗೆಟುಕಿದಷ್ಟು ಉದ್ದಕ್ಕೂ ಬೆಲ್ಟುಗಳನ್ನು ಒಂದೊಂದಾಗಿ ಸವರಿದ. ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಸವರಿದ. ಒಂದು ಗೀರಿಲ್ಲ, ಒಂದು ತರಿಯಿಲ್ಲ.

"ಏನಿಲ್ಲ ತಾನೇ? ಹಾಗಿದ್ರೆ ಆ ಬಾಕ್ಸ್ ವೈರ್ ಕಿತ್ತಾಕಿ ಅಣ್ಣ. ಒಂದೇ ಒಂದ್ ಸಲ ಅಜ್ಜಿ ಇಳಿದುಬಿಡ್ಲಿ" ಅಂದ ಬಸವಕಿರಣ್.

ನೀಲಗಂಗಮ್ಮನೂ ತಮ್ಮ ಮನೆಯ ಬಾಗಿಲಲ್ಲಿ ನಿಂತು, "ಸಿದ್ದಪ್ಪಾ, ನೀನು ಮುಟ್ಟಿ ನೋಡಿ ಸರಿ ಐತಿ ಅಂದ್ರೆ ನಂಗೆ ಅಷ್ಟೇ ಸಾಕು" ಅಂದರು.

ಅವನ ಕೈ ವೈರಿನವರೆಗೂ ಹೋಯಿತು. ಇಷ್ಟು ವರ್ಷ ಜನ ನಂಬಿದ್ದು ಇದೇ ಕೈಯನ್ನು. ಈಗಲೂ ಅದು ಏನೂ ಇಲ್ಲ ಅನ್ನುತ್ತಿತ್ತು. ಆದರೆ ನೀಲಗಂಗಮ್ಮ ತನ್ನನ್ನೇ ನಂಬಿ ನೋಡುತ್ತಿದ್ದರು. ಕೈ ಹಿಂದಕ್ಕೆಳೆದುಕೊಂಡ.

"ಅವ್ವಾರ, ನನ್ನ ಕೈಗೆ ತಿಳೀವಲ್ದು. ತಿಳೀದ ಹ್ಞೂ ಅನ್ನಾಕ ಆಗೂದಿಲ್ಲ. ಬರ್ರಿ, ನಾನ ಹೊತ್ತೊಯ್ತೀನಿ."

ಬೆತ್ತದ ಕುರ್ಚಿಯಲ್ಲಿ ಅವರನ್ನು ಕೂರಿಸಿ, ಒಂದು ಕಡೆ ರೇವಣಸಿದ್ದ, ಇನ್ನೊಂದು ಕಡೆ ಗೊಣಗುತ್ತಲೇ ಬಸವಕಿರಣ್ ಹಿಡಿದು, ಮಹಡಿಗೊಮ್ಮೆ ಇಳಿಸಿ ಉಸಿರು ತೆಗೆದುಕೊಳ್ಳುತ್ತ ಕೆಳಗೆ ತಂದರು. ನೀಲಗಂಗಮ್ಮ ಇಳಕಲ್ ಸೀರೆಯ ಸೆರಗು ಬಿಗಿಹಿಡಿದು, "ಪಲ್ಲಕ್ಕಿ ಆಯ್ತಲ್ಲೋ" ಎಂದು ನಗುತ್ತಲೇ ಕಾರು ಹತ್ತಿದರು.

ಮಧ್ಯಾಹ್ನ ಚೇತನಾ ಬಂದಳು. ಖಾಲಿ ಲಿಫ್ಟನ್ನು ಇರುವೆ ಹರಿದಂತೆ ನಿಧಾನ ಓಡಿಸುತ್ತ ಇಬ್ಬರೂ ಪೆಟ್ಟಿಗೆಯ ಮೇಲೆ ಕಣ್ಣಿಟ್ಟರು. ದೀಪ ಆರಿತು. ಬಹಳ ಹೊತ್ತು ಏನೂ ಇಲ್ಲ. ಇದ್ದಕ್ಕಿದ್ದಂತೆ ಮಿನುಗಿತು. ಹಿಂದಕ್ಕೆ ಓಡಿಸಿದರು, ಮತ್ತೆ ಅದೇ ಜಾಗದಲ್ಲಿ ಮಿನುಗಿತು. ರಾಟೆ ಮುಟ್ಟಿದ್ದ ಕಡೆ ಚೇತನಾ ಸೀಮೆಸುಣ್ಣದ ಗುರುತು ಹಾಕಿ, ಆ ಭಾಗವನ್ನು ಬೆಳಕಿಗೆ ತಂದು ಭೂತಗನ್ನಡಿ ಕೊಟ್ಟಳು.

"ಈಗ ನೋಡಿ ಅಣ್ಣ."

ಕರಿಯ ಪ್ಲಾಸ್ಟಿಕ್ಕಿನ ನಡುವೆ ಸಾಸಿವೆಗಿಂತ ಚಿಕ್ಕದೊಂದು ಬೆಳ್ಳಿ ಚುಕ್ಕೆ. ಒಳಗೆ ಮುರಿದ ಎಳೆಯೊಂದು ಹೊದಿಕೆ ತೂರಿ ಬಂದಿತ್ತು. ರಾಟೆ ಅದನ್ನು ಒತ್ತಿ ಸಮ ಮಾಡಿತ್ತು. ರೇವಣಸಿದ್ದ ಅದರ ಮೇಲೆ ಬೆರಳಿಟ್ಟ. ಕಣ್ಣೆದುರೇ ಇದ್ದರೂ ಬೆರಳಿಗೆ ಅದು ಸಿಗಲೇ ಇಲ್ಲ.

ಬೆಲ್ಟ್ ಬದಲಿಸಿದ ದಿನ ಆ ತುಂಡನ್ನು ಕತ್ತರಿಸಿ ಹೊದಿಕೆ ಸುಲಿದರು. ಒಳಗಿನಿಂದ ಕೆಂಪು ತುಕ್ಕಿನ ಪುಡಿ ಉದುರಿತು. ಎಳೆಗಳು ಒಣಗಿದ ಶಾವಿಗೆಯಂತೆ ಮುರಿದು ಮುರಿದು ಬಂದವು. ರೇವಣಸಿದ್ದ ಆ ಪುಡಿಯನ್ನು ಅಂಗೈಗೆ ತೆಗೆದುಕೊಂಡು ನೋಡಿದ.

"ಬಿದ್ದುಬಿಡ್ತಿತ್ತೇನ್ರೀ ಮೇಡಂ?"

"ಇಲ್ಲ ಅಣ್ಣ, ಉಳಿದ ಬೆಲ್ಟ್‌ಗಳು ಹೊರ್ತಿದ್ವು. ಆದ್ರೆ ಅವೂ ಒಳಗೇ ಹೀಗಾಗ್ತಾ ಹೋಗಿದ್ರೆ, ಹೊರಗಿಂದ ಯಾರಿಗೂ ಗೊತ್ತಾಗ್ತಿರಲಿಲ್ಲ."

ಅವನು ಪೆಟ್ಟಿಗೆ ತೆರೆದು ತೋರಿಸಲು ಕೇಳಿಕೊಂಡ. ದೊಡ್ಡದೇನೋ ಇರಬೇಕು ಅಂದುಕೊಂಡಿದ್ದ. ಒಳಗಿದ್ದದ್ದು ಅಂಗೈಯಗಲದ ಹಸಿರು ಹಲಗೆ, ಅಕ್ಕಿಕಾಳಿನಂಥ ಬಿಡಿಭಾಗಗಳು, ನಾಲ್ಕಾರು ವೈರು. ಕಣ್ಣಿಲ್ಲ, ಕೈಯಿಲ್ಲ. ಆದರೂ ಅದರ ಕರೆಂಟು ಅಷ್ಟುದ್ದದ ಬೆಲ್ಟಿನ ಕತ್ತಲೊಳಗೆ ಹಗಲೂ ರಾತ್ರಿ ಓಡಾಡಿಕೊಂಡಿದ್ದು, ಸೂಜಿಮೊನೆಯಷ್ಟು ಜಾಗದಲ್ಲಿ ಉಕ್ಕು ಹೊರಬಂದದ್ದೇ ತಡ, ಲಿಫ್ಟನ್ನು ಹಿಡಿದು ನಿಲ್ಲಿಸಿತ್ತು. ಮುಚ್ಚಳ ಹಾಕುವ ಮುನ್ನ ರೇವಣಸಿದ್ದ ತನಗೇ ಗೊತ್ತಿಲ್ಲದಂತೆ ಎರಡೂ ಕೈ ಜೋಡಿಸಿದ. ಚೇತನಾ ನಗಲಿಲ್ಲ.

ಆ ಸಂಜೆ ಹೊನ್ನವ್ವನಿಗೆ ಎಲ್ಲವನ್ನೂ ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಬಾಯಿ ತೆರೆದು ಕೇಳಿದಳು.

ಮರುವಾರದಿಂದ ಅವನು ಚೇತನಾಳ ಜೊತೆ ಪೆಟ್ಟಿಗೆ ಕೂರಿಸುವ ಕೆಲಸ ಕಲಿಯತೊಡಗಿದ. ವಿಜಯನಗರದ ಒಂದು ನರ್ಸಿಂಗ್ ಹೋಮಿನಲ್ಲಿ ತಾನೊಬ್ಬನೇ ಮೊದಲ ಪೆಟ್ಟಿಗೆ ಜೋಡಿಸಿ ಸ್ವಿಚ್ ಹಾಕಿದಾಗ ಹಸಿರು ದೀಪ ಹತ್ತಿತು. ಸ್ಟ್ರೆಚರ್ ಮೇಲೆ ಒಬ್ಬ ಬಾಣಂತಿ, ಪಕ್ಕದಲ್ಲಿ ಕೂಸನ್ನೆತ್ತಿಕೊಂಡ ಅವಳ ತಾಯಿ ಲಿಫ್ಟಿನೊಳಗೆ ಹೋದರು. ಬಾಗಿಲು ಮುಚ್ಚಿತು. ಲಿಫ್ಟ್ ಸದ್ದಿಲ್ಲದೆ ಮೇಲೇರಿತು.