ಪಕ್ಕದ ಸೀಟಿನ ಚಿಕ್ಕಮ್ಮ

ನನ್ನ ಚಿಕ್ಕಮ್ಮ ಡ್ರೈವಿಂಗ್ ಸ್ಕೂಲಿನಲ್ಲಿ ಅರ್ಧ ಊರಿಗೆ ಕಾರು ಕಲಿಸಿದವಳು. ಕೂತದ್ದು ಮಾತ್ರ ಯಾವಾಗಲೂ ಪಕ್ಕದ ಸೀಟಿನಲ್ಲಿ. ಅಲ್ಲಿ ಅವಳ ಕಾಲಿಗೆಂದೇ ಇನ್ನೊಂದು ಬ್ರೇಕು. ಸ್ಟಿಯರಿಂಗು ಇರುವುದು ಕಲಿಯಲು ಬಂದವರ ಕೈಯಲ್ಲಿ. ಜೀವ ಬಾಯಿಗೆ ಬಂದರೂ "ಪರವಾಗಿಲ್ಲ, ನಿಧಾನ" ಎನ್ನುವುದೇ ಅವಳ ಕೆಲಸ.

ಸ್ಕೂಲಿನ ಹತ್ತಿರದ ಸಿಗ್ನಲ್ಲಿನ ಎದುರಿಗೇ ಕಾರಿನ ಶೋರೂಮು. ಗಾಜಿನೊಳಗೆ ಒಂದು ಹಳದಿ ಸ್ಪೋರ್ಟ್ಸ್ ಕಾರು. ಅಲ್ಲಿ ನಿಂತಾಗ ಕಲಿಯುವವರ ಇಂಜಿನ್ನು ಆಫ್ ಆಗುತ್ತಿತ್ತು, ಚಿಕ್ಕಮ್ಮನ ಮನಸ್ಸು ಹೊರಟುಬಿಡುತ್ತಿತ್ತು. ಊರಾಚೆಯ ಖಾಲಿ ರಸ್ತೆ, ತೆರೆದ ಕಿಟಕಿ, ಕೂದಲಿಗೆ ಗಾಳಿ, ಪಕ್ಕದಲ್ಲಿ ಯಾರೂ ಇಲ್ಲ. ಹಿಂದಿನವರು ಹಾರ್ನ್ ಹೊಡೆದಾಗಲೇ ಅವಳು ಈ ಲೋಕಕ್ಕೆ ಬರುವುದು. ಈ ಕನಸನ್ನು ಕೇಳಿ ಕೇಳಿ ನಮಗೆಲ್ಲ ಬಾಯಿಪಾಠವಾಗಿತ್ತು.

ನಿವೃತ್ತಳಾದ ವಾರವೇ "ಆ ಕಾರು ತಗೊಳ್ತೀನಿ" ಎಂದಳು. ಚಿಕ್ಕಪ್ಪ ಕೆಮ್ಮಿದರು. ಅವಳ ಉಳಿತಾಯಕ್ಕೆ ಆ ಬೆಲೆ ಎಟುಕುತ್ತಿರಲಿಲ್ಲ. ಚೌಕಾಸಿ ಮಾಡಿ ಇಳಿಸಬೇಕು, ಇಲ್ಲವೇ ಆಸೆ ಬಿಡಬೇಕು. ಚೌಕಾಸಿಯಲ್ಲಿ ಚಿಕ್ಕಪ್ಪನ ವರಸೆ ಒಂದೇ: ಬೆಲೆ ಕೇಳಿ, ಮುಖ ಹುಳ್ಳಗೆ ಮಾಡಿ, ಬಾಗಿಲ ಕಡೆ ನಡೆಯುವುದು. ಚಿಕ್ಕಮ್ಮ ತಿರುಗಿ ನೋಡದೆ ಹಿಂಬಾಲಿಸಬೇಕು. ಹೊಸ್ತಿಲು ದಾಟುವುದರೊಳಗೆ ಅಂಗಡಿಯವನು ಕರೆಯುತ್ತಾನೆ. ಅವರ ಮನೆಯ ಮಂಚ, ಬೀರು, ಫ್ಯಾನು ಎಲ್ಲ ಹೀಗೆಯೇ ಬಂದವು. ಹಿಂದೆ ನಡೆಯಲು ಇನ್ನೊಬ್ಬರಿರಲಿ ಎಂದು ಈ ಸಲ ನನ್ನನ್ನೂ ಕರೆದೊಯ್ದರು.

ಶೋರೂಮಿನವನು ಟಾಪ್ ಮಾಡೆಲ್ಲನ್ನು ಹಾಡಿ ಹೊಗಳಿದ. "ಆಟೋಮ್ಯಾಟಿಕ್ ಮೇಡಂ, ಗೇರಿನ ರಗಳೆನೇ ಇಲ್ಲ. ಲೆದರ್ ಸೀಟು. ಅಪಾಯ ಅಂದ್ರೆ ಕಾರೇ ಬ್ರೇಕ್ ಹಾಕುತ್ತೆ."

"ಬೇಡಪ್ಪ. ಇನ್ನೊಬ್ಬರ ಪರವಾಗಿ ಬ್ರೇಕ್ ಹಾಕೋ ಕೆಲಸ ಎಂಥದ್ದು ಅಂತ ನಂಗೆ ಗೊತ್ತು. ಗೇರು ನನ್ನ ಕೈಲೇ ಇರಲಿ."

ಗೇರು ಇದ್ದದ್ದು ಬೇಸ್ ಮಾಡೆಲ್ಲಿಗೆ ಮಾತ್ರ. ಗಾಜಿನೊಳಗೆ ನಿಂತಿದ್ದ, ಬಟ್ಟೆಯ ಸೀಟಿನ ಅದೇ ಹಳದಿ ಕಾರು. ಚಿಕ್ಕಮ್ಮ ಅದರೊಳಗೆ ಕೂತು ನೋಡಿದಳು. ಬೆಲೆ ಕೇಳಿದ ಚಿಕ್ಕಪ್ಪ ಮುಖ ಹುಳ್ಳಗೆ ಮಾಡಿ ಹೊರಟರು. ನಾನೂ ಹೊರಟೆ. ಬಾಗಿಲು ಬಂದರೂ ಕರೆಯಿಲ್ಲ. ತಿರುಗಿದರೆ, ಚಿಕ್ಕಮ್ಮ ಸ್ಟಿಯರಿಂಗ್ ಹಿಡಿದು, ಕಣ್ಣು ಅರೆಮುಚ್ಚಿ, ಯಾವುದೋ ದೂರದ ತಿರುವಿನಲ್ಲಿದ್ದಾಳೆ. ಶೋರೂಮಿನವನು ಮುಸಿಮುಸಿ ನಗುತ್ತಿದ್ದ. ಕೆಟ್ಟಿತು ಕೆಲಸ!

"ಏಳೇ, ಹೋಗೋಣ," ಚಿಕ್ಕಪ್ಪ ಪಿಸುಗುಟ್ಟಿದರು.

"ನಾನು ಏಳಲ್ಲ ರೀ." ಅವಳು ಶೋರೂಮಿನವನ ಕಡೆ ತಿರುಗಿದಳು. "ನೋಡಪ್ಪ, ಎಷ್ಟೋ ದಿನದಿಂದ ಸಿಗ್ನಲ್ಲಲ್ಲಿ ನಿಂತು ಇದನ್ನ ನೋಡ್ತಿದೀನಿ. ಬಂದೋರೆಲ್ಲ ಕೂತು ಫೋಟೋ ತೆಗೆಸ್ಕೊಂಡು ಹೋದ್ರು, ಯಾರೂ ಕೊಳ್ಳಲಿಲ್ಲ. ನಂಗೆ ಇದು ಬೇಕು. ನಿಮಗೆ ಇದು ಹೋಗ್ಬೇಕು. ಸುಮ್ನೆ ನಾಟಕ ಯಾಕೆ?"

ತನ್ನಲ್ಲಿದ್ದ ಹಣ ಎಷ್ಟೆಂದು ಹೇಳಿದಳು. ಅವನು ಮ್ಯಾನೇಜರನ್ನು ಕೇಳಿ ಬಂದು "ಆಯ್ತು ಮೇಡಂ" ಎಂದ. ಚಿಕ್ಕಪ್ಪನಿಗೆ ಖುಷಿಗಿಂತ ಅವಮಾನವೇ ಹೆಚ್ಚಾಯಿತು.

ಕಾರು ತರಲು ಮೂವರೂ ಹೋದ ದಿನ ಕೀಲಿ ಹಿಡಿದ ಚಿಕ್ಕಮ್ಮ ನೇರ ಹೋಗಿ ಬಾಗಿಲು ತೆಗೆದು ಕೂತಳು. ಪಕ್ಕದ ಸೀಟಿನಲ್ಲಿ! ಅವಳ ಕಾಲು ಮ್ಯಾಟಿನ ಮೇಲೆ ಏನನ್ನೋ ತಡಕಿತು.

"ರೀ, ಇಲ್ಲಿ ಬ್ರೇಕೇ ಇಲ್ಲ," ಎಂದು ನಕ್ಕಳು. ನಗುತ್ತಲೇ ಅತ್ತುಬಿಟ್ಟಳು.

"ಆ ಕಡೆ ಹೋಗೇ, ಇದು ನನ್ನ ಜಾಗ," ಎಂದರು ಚಿಕ್ಕಪ್ಪ. ಅವಳು ಸುತ್ತಿ ಹೋಗಿ ಸ್ಟಿಯರಿಂಗ್ ಮುಂದೆ ಕೂತಳು. ಚಿಕ್ಕಪ್ಪ ಒಂದು ಕಾಲು ಒಳಗಿಟ್ಟವರು ಏನನ್ನೋ ನೆನೆಸಿಕೊಂಡು ಹಿಂದೆ ತೆಗೆದರು. ಖಾಲಿ ಸೀಟಿನ ಬಾಗಿಲನ್ನು ಹೊರಗಿನಿಂದಲೇ ಮುಚ್ಚಿದರು.

"ನಾವು ಬಸ್ಸಲ್ಲಿ ಬರ್ತೀವಿ. ನೀನೊಬ್ಬಳೇ ಹೋಗಿ ಬಾ."