ಕಾಕಾನ ಗಿಡ್ಡ ಭಂಗಿ

ಕಾಕಾ ಅವರ ಬಲಗೈ ಹೆಬ್ಬೆರಳಿನ ಉಗುರು ಕಡುಹಸಿರು. ದುಬೈನ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ನಮ್ಮ ಬಿಲ್ಡಿಂಗಿನ ಸುತ್ತಲಿನ ಹೂಗಿಡ ನೋಡಿಕೊಳ್ಳಲು ಕಂಪನಿ ಅವರಿಗೆ ಕತ್ತರಿ ಕೊಟ್ಟಿತ್ತು. ಅದು ಸದಾ ಜೇಬಿನಲ್ಲೇ ಇರುತ್ತಿತ್ತು. ಕುಡಿಯನ್ನು ಉಗುರಿನಿಂದ ಚಿವುಟಿ, ಮೂಸಿ, ಮುಖ ಸಿಂಡರಿಸುತ್ತಿದ್ದರು. "ಇವಕ್ಕ ವಾಸನಿನೇ ಇಲ್ಲವಾ. ಬಣ್ಣ ಬಳಕೊಂಡು ಕುಂತಾವ ಅಷ್ಟ."

ಪರಿಚಯವಾದದ್ದು ನನ್ನ ಬಾಯಿಯ ದೆಸೆಯಿಂದ. ಆಗ ಮಗಳಿಗೆ ಮೂರು ವರ್ಷ. ಒಂದು ದಿನ ಬಾಲ್ಕನಿಯಲ್ಲಿ ಅನ್ನದ ತಟ್ಟೆ ಹಿಡಿದು ಅವಳನ್ನು ಯಾದಗಿರಿಯ ಮಾತಿನಲ್ಲಿ ಚೆನ್ನಾಗಿ ಝಾಡಿಸಿದೆ. ಕೆಳಗಿನಿಂದ ಯಾರೋ ನಕ್ಕರು. "ಯವ್ವಾ, ಇಂಥಾ ಛಂದ ಬೈಗುಳ ಕೇಳಿ ಆರು ವರ್ಷಾತು. ಇನ್ನೊಂದು ಬೈ!" ಅಂದಿನಿಂದ ಅವರು ನನಗೆ ಕಾಕಾ.

ಸುರಪುರದ ಕಡೆಯವರು, ಕೃಷ್ಣೆಯ ದಂಡೆಯ ಊರು. ವಾಸ ಮುಹೈಸ್ನಾದ ಕೂಲಿಕಾರರ ಕ್ಯಾಂಪಿನಲ್ಲಿ, ಎಂಟು ಜನರ ಕೋಣೆ. ಊರಿನಲ್ಲಿ ಅವರ ಮನೆತನದವರು ತಲೆಮಾರುಗಳಿಂದ ಮಠಕ್ಕಾಗಿ ಭಂಗಿ ಬೆಳೆಯುವ ಹೊಲದ ಪಟ್ಟಿ ನೋಡಿಕೊಂಡಿದ್ದರು. ಅಮಾವಾಸ್ಯೆಯ ಭಜನೆಯಲ್ಲಿ ಭಂಗಿಯನ್ನು ಹಣೆಗೆ ಒತ್ತಿಕೊಂಡು ಗುರುವಿನ ಪ್ರಸಾದವೆಂದು ಸೇವಿಸುತ್ತಿದ್ದರಂತೆ. ಗಾಂಜಾ ಎಂದರೆ ಕಾಕಾಗೆ ಸಿಟ್ಟು. "ಅದು ಪೊಲೀಸರ ಮಾತು. ನಮ್ಮದು ಭಂಗಿ."

ಚಿಟಿಕೆಯಷ್ಟು ಸಿಕ್ಕರೂ ವರ್ಷಗಟ್ಟಲೆ ಜೈಲು ಎನ್ನುವ ದೇಶದಲ್ಲಿ ನಿಂತು ಅವರು ಇದನ್ನೆಲ್ಲ ಹೇಳುವಾಗ ನಾನು ಸುತ್ತಮುತ್ತ ನೋಡುತ್ತಿದ್ದೆ. "ಕಾಕಾ, ಗ್ವಾಡಿಗೂ ಕಿವಿ ಇರ್ತಾವ" ಎಂದರೆ, "ಇರ್ಲಿ ಬಿಡು, ಅವಕ್ಕ ಕನ್ನಡ ಬರಂಗಿಲ್ಲ" ಎನ್ನುತ್ತಿದ್ದರು.

ಅವರಿಗೆ ಪ್ರಿಯವಾದದ್ದು ಗಿಡ್ಡ ಜಾತಿ. ಉತ್ತರದ ಬೆಟ್ಟಗಳಿಂದ ಬಂದ ಸಾಧುವೊಬ್ಬ ಅಜ್ಜನಿಗೆ ಕೊಟ್ಟ ಬೀಜವಂತೆ. ನಮ್ಮ ಕಡೆಯ ಎತ್ತರದ ಜಾತಿಯೊಂದಿಗೆ ಬೆರೆತರೂ ಗಿಡ್ಡದ ಗುಣವೇ ಮೇಲಾಯಿತು. ಸೊಂಟದೆತ್ತರ, ಅಗಲ ಎಲೆ, ಕಪ್ಪಿಗೆ ತಿರುಗಿದ ಹಸಿರು. ಹೂ ಬೇಗ ಬಿಡುತ್ತದೆ, ಒತ್ತೊತ್ತಾಗಿ ಕಟ್ಟುತ್ತದೆ, ಮಳೆ ಬಿದ್ದರೆ ಒಳಗೇ ಬೂಸ್ಟು ಹಿಡಿಯುತ್ತದೆ. ಗಂಡು ಗಿಡ ಗುರುತಿಸಿ ಕೀಳುವುದು ಮನೆಯ ಹೆಂಗಸರ ಕೆಲಸ. ಅದರಲ್ಲಿ ಹೆಂಡತಿಯ ಕಣ್ಣು ಒಮ್ಮೆಯೂ ತಪ್ಪಿಲ್ಲ ಎಂದು ಹೇಳುವಾಗ ಕಾಕಾ ನಾಚುತ್ತಿದ್ದರು.

"ಎತ್ತರದ್ದು ತಲಿಗಿ ಏರ್ತದ, ಹಾಡಸ್ತದ. ಗಿಡ್ಡಂದು ಮೈಗಿ ಇಳೀತದ. ಕಾಲು ಭಾರ ಆಗ್ತಾವ, ನೋವು ಮರೀತದ, ನಿದ್ದಿ ಎಳೀತದ." ಸ್ವಲ್ಪ ತಡೆದು, "ನನ್ನ ತಮ್ಮ ದಿನಾ ಸೇದಾಕ ಹತ್ತಿದ. ಕಟ್ಟಿ ಮ್ಯಾಲ ಕುಂತಾವ ಹತ್ತು ವರ್ಷ ಏಳಲಿಲ್ಲ" ಎಂದೂ ಹೇಳುತ್ತಿದ್ದರು. ಹೊಗಳುವಾಗಲೂ ಆ ಗಿಡದ ಬಗ್ಗೆ ಸುಳ್ಳು ಹೇಳಿದವರಲ್ಲ.

ಪೊಲೀಸರು ಆ ಪಟ್ಟಿಯನ್ನು ಕಿತ್ತುಹಾಕಿದ ಮೇಲೆ ಕಾಕಾ ದುಬೈಗೆ ಬಂದಿದ್ದರು. ಬಂದಾಗಿನಿಂದ ಸರಿಯಾಗಿ ನಿದ್ದೆಯಿಲ್ಲ. ಕೆಂಪು ಕಣ್ಣು ಉಜ್ಜಿಕೊಳ್ಳುತ್ತ, "ಮೈ ಇಲ್ಲಿ ಮಲಗ್ತದವಾ, ಜೀವ ಅಲ್ಲೇ ಕುಂತದ" ಎನ್ನುತ್ತಿದ್ದರು.

ಊರಿಗೆ ಹೋಗುವವರು ಉಳಿದವರ ಪಾರ್ಸೆಲ್ ತರುವುದು ಗಲ್ಫಿನಲ್ಲಿದ್ದ ನಮ್ಮೆಲ್ಲರ ವಾಡಿಕೆ. ಆ ಬೇಸಿಗೆಯಲ್ಲಿ ನಾನು ಹೊರಟಾಗ ಕಾಕಾ ಕೇಳಿದ್ದು ಮಠದ ವಿಭೂತಿ ಮಾತ್ರ. ಅವರ ಹೆಂಡತಿ ಬಸ್ ಹತ್ತಿ ಯಾದಗಿರಿಗೇ ಬಂದು ವಿಭೂತಿಯ ಜೊತೆಗೆ ಒಂದು ಪುಟ್ಟ ದಿಂಬನ್ನೂ ಕೊಟ್ಟರು. ಹಳೆಯ ಇಳಕಲ್ ಸೀರೆಯ ಬಟ್ಟೆ, ನಾಲ್ಕೂ ಕಡೆ ಗಟ್ಟಿ ಹೊಲಿಗೆ. "ನಿದ್ದಿ ಬರವಲ್ದು ಅಂತಾರ. ಇದ್ರ ಮ್ಯಾಲ ಮಲಗಂತ ಹೇಳವಾ." ನಾನು, ಜಾಣೆ ಎಂದು ಬೀಗುವವಳು, ಅದನ್ನು ಮಗಳ ಫ್ರಾಕುಗಳ ನಡುವೆ ಇಟ್ಟೆ.

ದುಬೈಗೆ ಮರಳಿ ಹೊರಡುವ ದಿನ ಮಧ್ಯಾಹ್ನ ತವರುಮನೆಯ ಫೋನ್ ರಿಂಗಣಿಸಿತು. ಕಾಕಾ ಏದುಸಿರು ಬಿಡುತ್ತಿದ್ದರು. "ದಿಂಬು ಬಿಚ್ಚವಾ. ಹಿತ್ತಲದಾಗ ಉಳಿದಿದ್ದ ಗಿಡ್ಡಂದು ಅದರಾಗ ತುಂಬ್ಯಾಳ. ಈಗ ಫೋನಿನಾಗ ಖುಷಿಲೆ ಹೇಳಿದ್ಳು. ಇಲ್ಲಿ ಏರ್‌ಪೋರ್ಟಿನಾಗ ಹಿಡದ್ರ ನಿನ್ನ ಕೂಸು ಪರದೇಶಿ ಆಗ್ತದ. ಎಲ್ಲಾ ಹುಗದುಬಿಡು. ಬಟ್ಟಿನೂ ತರಬ್ಯಾಡ, ವಾಸನಿ ಹೋಗಂಗಿಲ್ಲ." ಆಮೇಲೆ ದನಿ ಇಳಿಸಿ ಹೇಳಿದರು: "ಆಕಿಗಿ ಮಾತ್ರ ಹೇಳಬ್ಯಾಡ. ನಾ ಬ್ಯಾಡಂದೆ ಅಂತ ತಿಳಕೋತಾಳ."

ಹೊಲಿಗೆ ಬಿಚ್ಚಿದೆ. ಎಲ್ಲವನ್ನೂ ತಿಪ್ಪೆಗುಂಡಿಯಲ್ಲಿ ಹೂತೆ. ಫ್ರಾಕುಗಳನ್ನು ಊರಲ್ಲೇ ಬಿಟ್ಟೆ.

ಕೆಲಸ ನಡುವೆ ಬಿಟ್ಟು ಫೋನಿಗೆ ಓಡಿದ್ದಕ್ಕೆ ಸೂಪರ್‌ವೈಸರ್ ಕಾಕಾರನ್ನು ಅಬುಧಾಬಿಗೆ ಎತ್ತಿಹಾಕಿದ. ಹುಡುಕಿಕೊಂಡು ಹೋದಾಗ ಅಲ್ಲಿನ ಮೊಹಮ್ಮದ್ ಬಿನ್ ಜಾಯೆದ್ ಸಿಟಿಯ ವಿಲ್ಲಾ ಒಂದರ ಮುಂದೆ ಬೇಲಿ ಸವರುತ್ತಿದ್ದರು. ವಿಭೂತಿ ಕೊಟ್ಟೆ. ಹಣೆಗೆ ಹಚ್ಚಿಕೊಂಡು ಮೆಲ್ಲಗೆ ಕೇಳಿದರು: "ಬಿಚ್ಚಿದಾಗ ವಾಸನಿ ಹೆಂಗಿತ್ತವಾ?"

ಹೇಳಲು ತಡಬಡಿಸಿದೆ. "ಮಾವಿನಕಾಯಿ ಸೊನಿ ಹಂಗ, ಕಾಕಾ. ಹಿಂದಿಂದ ಒಂಚೂರು ಮೆಣಸಿನ ಘಾಟು, ಹಸಿ ಮಣ್ಣು." ಅವರು ಕಣ್ಣು ಮುಚ್ಚಿ ಕೇಳಿದರು. "ನೆರಳಾಗೇ ಒಣಗಿಸ್ಯಾಳ" ಎಂದು ಮುಖ ತಿರುಗಿಸಿ ಮತ್ತೆ ಬೇಲಿಗೆ ಕೈ ಹಾಕಿದರು.

ಮೂರನೆಯ ವರ್ಷಕ್ಕೆ ಕಾಕಾ ಅಬುಧಾಬಿಯ ಕ್ಯಾಂಪಿನಲ್ಲೇ ತೀರಿಕೊಂಡರು. ಊರಿನ ಮುಖ ನೋಡಲಾಗಲಿಲ್ಲ. ಮಗಳನ್ನು ನನ್ನ ಕೈಯಾರೆ ಬೆಳೆಸಿದೆನಲ್ಲ, ಅದು ಅವರು ಕೊಟ್ಟದ್ದು. ಸುದ್ದಿ ಬಂದ ವಾರ ಅವರ ಹೆಂಡತಿಗೆ ಫೋನ್ ಮಾಡಿದೆ. ಬಹಳ ಹೊತ್ತು ಅತ್ತು, ಕೊನೆಗೆ ಅವರೇ ನನಗೆ ಸಮಾಧಾನ ಹೇಳಿದರು.

"ಒಂದು ಛಲೋ ಆತು ನೋಡವಾ. ನೀ ದಿಂಬು ಒಯ್ದು ಕೊಟ್ಟ ಮ್ಯಾಲ ಅವರಿಗಿ ದಿನಾ ನಿದ್ದಿ ಹತ್ತತಿತ್ತಂತ. ಫೋನ್ ಮಾಡಿದಾಗೆಲ್ಲ ಹೇಳ್ತಿದ್ರು."

"ಹೌದು ಕಾಕಿ," ಅಂದೆ. "ಭಾಳ ಛಲೋ ನಿದ್ದಿ ಮಾಡ್ತಿದ್ರು."