ಹುಳದ ತಟ್ಟೆಗೆ ಹಾಸಿದ ಪಾಲಿಸಿ

ಕಳೆದ ವರ್ಷ ಯುಗಾದಿ ಮುಗಿದ ಹೊಸತು. ಶಿಡ್ಲಘಟ್ಟದ ಹತ್ತಿರ ನನ್ನದೊಂದು ಪುಟ್ಟ ಚಾಕಿ ಕೇಂದ್ರವಿದೆ. ರೇಷ್ಮೆಹುಳದ ಮರಿಗಳನ್ನು ಸಾಕಿ, ಸ್ವಲ್ಪ ಬಲಿತ ಮೇಲೆ ರೈತರಿಗೆ ಕೊಡುವುದು ನಮ್ಮ ಕಸುಬು. ಅಂದು ಮೊಟ್ಟೆಯೊಡೆದು ಮರಿ ಬಂದಿದ್ದವು. ತಟ್ಟೆಗೆ ಹಾಸಬೇಕಿದ್ದ ಹಳೇ ಪೇಪರ್ ಕಟ್ಟು ಮಾತ್ರ ನೀರಿಗೆ ನೆಂದು ಮುದ್ದೆಯಾಗಿತ್ತು. ಹುಳ ನಮಗಾಗಿ ಕಾಯುತ್ತದೆಯೇ? ಬೀರುವಿನ ಮೇಲಿದ್ದ ಕೆಲಸಗಾರರ ಹಳೇ ವಿಮೆ ಕಾಗದಗಳನ್ನೆಲ್ಲ ಎಳೆದು, ಕೆಲಸಕ್ಕಿದ್ದ ಶಾಹೀನಾಳ ಕೈಗೆ ಕೊಟ್ಟೆ.

"ಅಕ್ಕಾ, ಸೀಲು ಗೀಲು ಐತೆ. ಹಾಸ್ಲಾ?" ಎಂದಳು.

"ಎಲ್ಲಾ ಅವಧಿ ಮುಗಿದಿದ್ದು ಕಣಮ್ಮ. ಇಟ್ಕೊಂಡು ಪೂಜೆ ಮಾಡ್ಲಾ? ಹಾಸು."

ಅವಳು ಹಾಸಿದಳು. ಹುಳ ರೈತರ ಮನೆಗೆ ಹೋದವು, ಕಾಗದ ತಿಪ್ಪೆಗೆ ಹೋಯಿತು.

ಆಮೇಲೆ ಶಾಹೀನಾ ನಮ್ಮಲ್ಲಿ ಕೆಲಸ ಬಿಟ್ಟು ಮನೆಯಲ್ಲೇ ಹೊಲಿಗೆ ಶುರುಮಾಡಿದಳು. ಮಳೆಗಾಲದಲ್ಲಿ ಒಂದು ದಿನ ಬಂದಳು. ಕೆಲವು ವರ್ಷಗಳ ಹಿಂದೆ ನಮ್ಮ ಹುಳುಮನೆ ತೊಳೆಯುವಾಗ ಸೋಂಕುನಾಶಕ ಔಷಧಿ ಅವಳ ಎಡಗಣ್ಣಿಗೆ ಚಿಮ್ಮಿತ್ತು. ಆಗ ವಾಸಿಯಾಯಿತೆಂದೇ ನಾವೆಲ್ಲ ಅಂದುಕೊಂಡಿದ್ದೆವು. ಈಗ ಅದೇ ಗಾಯದಿಂದ ಕಣ್ಣು ಮಂಜಾಗುತ್ತಿದೆ, ಬೇಗ ಆಪರೇಷನ್ ಆಗಬೇಕು ಎಂದಿದ್ದರಂತೆ ಡಾಕ್ಟರು.

"ವಿಮೆ ಆಫೀಸಲ್ಲಿ, ಔಷಧಿ ಬಿದ್ದ ವರ್ಷದ ಪಾಲಿಸಿನೇ ಬೇಕು ಅಂತಾರೆ ಅಕ್ಕಾ. ಈಗಿಂದು ನಡಿಯಲ್ವಂತೆ. ಕಾಪಿ ಎಲ್ಲಾದ್ರೂ ಐತಾ?"

ಹುಳದ ತಟ್ಟೆ ನೆನಪಾಯಿತು. "ಆಡಿಟರ್ ಹತ್ರ ಐತಮ್ಮ, ತರಿಸ್ತೀನಿ" ಎಂದುಬಿಟ್ಟೆ. ತನ್ನ ಕೈಯಾರೆ ಹಾಸಿದವಳಿಗೇ ಹಾಗೆ ಹೇಳಿದೆ! ಎಲುಬಿಲ್ಲದ ನಾಲಿಗೆ. ಅವಳು ನನ್ನನ್ನೇ ಒಂದು ಕ್ಷಣ ನೋಡಿ, "ಆಗ್ಲಿ ಅಕ್ಕಾ" ಎಂದು ಹೋದಳು.

ಮತ್ತೆ ಬಂದಾಗ "ಆಡಿಟರ್ ಊರಲ್ಲಿಲ್ಲ" ಎಂದೆ. ಅದರ ಮುಂದಿನ ಸಲ ಅವಳ ಗಂಡ ಕೈಹಿಡಿದು ಮೆಟ್ಟಿಲು ಹತ್ತಿಸಿಕೊಂಡು ಬಂದ. ಸೂಜಿಗೆ ದಾರ ಪೋಣಿಸೋಕೂ ಆಗ್ತಿಲ್ಲ ಎಂದ. ಮರುದಿನವೇ ಚಿಂತಾಮಣಿಗೆ ಓಡಿದೆ. ನಮ್ಮ ವಿಮೆ ಏಜೆಂಟು ಅಂಗಡಿ ಮುಚ್ಚಿ ಎಂದೋ ಊರು ಬಿಟ್ಟಿದ್ದ. ಕೊನೆಗೆ ಹೊಳೆದದ್ದು ಬ್ಯಾಂಕು. ಔಷಧಿ ಬಿದ್ದ ವರ್ಷವೇ ಸಾಲ ಮಾಡಿದ್ದಾಗ ಆ ಪಾಲಿಸಿಯ ಜೆರಾಕ್ಸ್ ಕೊಟ್ಟಿದ್ದೆ. ಪುಣ್ಯಕ್ಕೆ ಅವರ ಫೈಲಿನಲ್ಲಿ ಇನ್ನೂ ಇತ್ತು.

ಶಾಹೀನಾಳನ್ನು ಕರೆದುಕೊಂಡು ಚಿಕ್ಕಬಳ್ಳಾಪುರದ ವಿಮೆ ಆಫೀಸಿಗೆ ಹೋದೆ. ಅಲ್ಲಿನ ಅಧಿಕಾರಿ ಕಾಗದ ತಿರುವಿ ನೋಡಿ, "ಇಷ್ಟು ಹಳೇದು ಇಟ್ಟಿದ್ದೀರಲ್ಲಮ್ಮ! ಸಣ್ಣ ವ್ಯಾಪಾರದೋರು ವರ್ಷ ಮುಗೀತಿದ್ದಂಗೆ ಬಿಸಾಕ್ತಾರೆ" ಎಂದರು.

ನಾನು ಬಾಯಿ ತೆರೆಯುವ ಮುನ್ನ ಶಾಹೀನಾ, "ನಮ್ಮಕ್ಕ ಒಂದು ಚೀಟೀನೂ ಬಿಸಾಕಲ್ಲ ಸಾರ್" ಎಂದಳು.

ನಾನು ಹೌದೆಂದು ತಲೆಯಾಡಿಸಿದೆ.

ವಿಮೆ ದುಡ್ಡು ಬಂತು, ಆಪರೇಷನ್ನೂ ಆಯಿತು. ಇನ್ನೂ ಮುಂಚೆ ಬಂದಿದ್ದರೆ ಕಣ್ಣು ಪೂರ್ತಿ ಉಳಿಯುತ್ತಿತ್ತು ಎಂದರು ಡಾಕ್ಟರು. ನಾನು ಹೇಳಿದ ಸುಳ್ಳುಗಳಲ್ಲಿ ಕಳೆದುಹೋದದ್ದು ಆ ದಿನಗಳೇ. ಅವಳು ಒಂದು ಮಾತು ಬೈದಿದ್ದರೆ ನನ್ನ ಮನಸ್ಸು ಹಗುರವಾಗುತ್ತಿತ್ತು. ಬೈಯಲೇ ಇಲ್ಲ.

ಈಗ ಕೆಲಸಗಾರರ ವಿಮೆ ಕಾಗದ ಎಷ್ಟು ವರ್ಷ ಇಡಬೇಕೆಂದು ಯಾರಾದರೂ ಕೇಳಿದರೆ, ಆ ವರ್ಷ ಕೆಲಸಕ್ಕಿದ್ದವರು ಬದುಕಿರುವಷ್ಟು ವರ್ಷ ಎನ್ನುತ್ತೇನೆ. ಪೇಟೆಯಲ್ಲಿ ಶಾಹೀನಾ ಸಿಕ್ಕರೆ ಮೊದಲಿನಂತೆಯೇ "ಅಕ್ಕಾ" ಎಂದು ನಿಲ್ಲುತ್ತಾಳೆ. ನಾನು ಸರಿದು ಅವಳ ಎಡಗಡೆಗೆ ನಿಂತು ಮಾತಾಡುತ್ತೇನೆ. ಆ ಕಡೆಯಿಂದ ನನ್ನ ಮುಖ ಅವಳಿಗೆ ಸರಿಯಾಗಿ ಕಾಣುವುದಿಲ್ಲ.